ಗೀಟುಗಳ ನಡುವಣ ದೂರ

ನಾನು ಪಾಠಶಾಲೆಯಲ್ಲಿದ್ದಾಗ ಗುರುಗಳು ಭಾಸ್ಕರಾಚಾರ್ಯನ ಲೀಲಾವತಿಯಿಂದ (1150) ಒಂದು ತ್ರಿಭುಜದ ಲೆಕ್ಕವನ್ನು ಮಾಡಿಸಿದರು. ಭುಜಗಳು 10 ಮತ್ತು 17, ಭೂಮಿಯು 9. ಲಂಬದ ಬುಡದಿಂದ ಭೂಮಿಯ ಎರಡು ಕೊನೆಗಳಿಗಿರುವ ಅಂತರಗಳನ್ನು ಗಣಿಸಲು, ಒಂದು 15 ಬಂದಿತು. ಇನ್ನೊಂದು ಋಣ 6 ಬಂದಿತು. "ಉದ್ದವು ಋಣವಾಗುವುದುಂಟೆ?" ಎಂದು ಕೇಳಿದೆನು. "ಉದ್ದವು ಆರೇ ಅಪ್ಪಾ, ಋಣವು ದಿಕ್ಕನ್ನು ಹೇಳುತ್ತದೆ, ಲಂಬವು ಭೂಮಿಯ ಹೊರಗೆ ಬಿದ್ದಿದೆ" ಎಂದರು.

ದಿಕ್ಕನ್ನು ಬಿಟ್ಟು ದೂರವನ್ನು ಮಾತ್ರ ಹಿಡಿದರೆ ಅದೇ ಬೀಜಗಣಿತದ ನಿರಪೇಕ್ಷ ಮೌಲ್ಯವು. ಅದನ್ನು ಎರಡು ನಿಂತ ಗೀಟುಗಳ ನಡುವೆ ಬರೆಯುವರು. |ಯ − 7| < 3 ಎಂದರೆ, ಯ ಎಂಬ ಅವ್ಯಕ್ತವು 7ರಿಂದ ಮೂರಕ್ಕಿಂತ ಕಡಮೆ ದೂರದಲ್ಲಿದೆಯೆಂದರ್ಥ. ಆದುದರಿಂದ ಅದು 4ಕ್ಕೂ 10ಕ್ಕೂ ನಡುವೆ ಇರುವುದು. |ಯ − 7| > 3 ಎಂದರೆ ಅದು 4ಕ್ಕಿಂತ ಕಿರಿದು, ಇಲ್ಲವೆ 10ಕ್ಕಿಂತ ಹಿರಿದು. ಮೊದಲನೆಯದರಲ್ಲಿ ಎರಡು ನಿಬಂಧನೆಗಳೂ ಕೂಡಿ ಸಲ್ಲಬೇಕು. ಎರಡನೆಯದರಲ್ಲಿ ಒಂದು ಸಂದರೆ ಸಾಕು.

ಉಪಾಧ್ಯಾಯನಾದ ಮೇಲೆ ನಾನು ಗುರುಗಳ ಮಾತನ್ನು ಮರೆತೆನು. ಪರೀಕ್ಷೆಯು ಸಮೀಪಿಸಿದಾಗ ಸೂತ್ರವನ್ನು ಬಾಯಿಪಾಠ ಮಾಡಿಸುವುದೇ ಸುಲಭವಾಗಿ ತೋರಿತು: 'ಕಡಮೆ'ಯ ಚಿಹ್ನೆಯಿದ್ದರೆ ಗೀಟುಗಳನ್ನು ತೆಗೆದು, ಬಲಗಡೆಯ ಸಂಖ್ಯೆಯನ್ನು ಚಿಹ್ನೆ ಬದಲಿಸಿ ಎಡಗಡೆಗೂ ಬರೆಯಿರಿ, ನಡುವಿನ ಅವ್ಯಕ್ತವನ್ನು ಬಿಡಿಸಿರಿ. ಒಂದು ದಿನ ಕೈತಪ್ಪಿ ಹಲಗೆಯ ಮೇಲೆ |ಯ − 7| < −3 ಎಂದು ಬರೆದೆನು. ಹುಡುಗರೆಲ್ಲರೂ ಸೂತ್ರದಂತೆ ಬಿಡಿಸಿದರು. ಹಿಂದಿನ ಸಾಲಿನವನೊಬ್ಬನು ಮಾತ್ರ "ಅಂಥ ಸಂಖ್ಯೆಯೇ ಇಲ್ಲ" ಎಂದು ಬರೆದು ಸುಮ್ಮನಿದ್ದನು. ನಾನು ಅದನ್ನು ಉದ್ಧಟತನವೆಂದು ಭಾವಿಸಿ, ಸೊನ್ನೆಯನ್ನು ಕೊಟ್ಟು, ಗಂಟೆಯಾಗುವವರೆಗೂ ಅವನನ್ನು ನಿಲ್ಲಿಸಿದೆನು.

ರಾತ್ರಿ ಉಳಿದವರ ಪುಸ್ತಕಗಳನ್ನು ತೆರೆದು ನೋಡಿದೆನು. "ಯ 10ಕ್ಕಿಂತ ಹಿರಿದು, 4ಕ್ಕಿಂತ ಕಿರಿದು" ಎಂದು ಎಲ್ಲರೂ ಬರೆದಿದ್ದರು! ಸೊನ್ನೆಗಿಂತ ಕಡಮೆಯಾದ ದೂರವು ಎಲ್ಲಿಯದು? ಸೂತ್ರವು ಅವರಿಗೆ ಬಂದಿತ್ತು. ಅರ್ಥವು ನನಗೇ ತಪ್ಪಿಹೋಗಿತ್ತು.

ಮರುದಿನ ತರಗತಿಯ ಎದುರಿನಲ್ಲಿ ನನ್ನ ತಪ್ಪನ್ನೊಪ್ಪಿಕೊಂಡು, ನಿನಗೆ ಹೇಗೆ ತಿಳಿಯಿತೆಂದು ಆ ಹುಡುಗನನ್ನು ಕೇಳಿದೆನು. ಅವನು ತಲೆತಗ್ಗಿಸಿ, "ನಮ್ಮೂರು ಇಲ್ಲಿಗೆ ಮೂರು ಮೈಲಿ, ಮೇಷ್ಟ್ರೆ. ಬಂದರೂ ಮೂರು, ಹೋದರೂ ಮೂರು. ಸೊನ್ನೆಗಿಂತ ಕಡಮೆ ನಡೆದದ್ದು ಒಂದು ದಿನವೂ ಇಲ್ಲ" ಎಂದನು.

ಸೊನ್ನೆಯನ್ನು ಹೊಡೆದು ಪೂರ್ತಿ ಅಂಕಗಳನ್ನು ಕೊಟ್ಟೆನು. ಅವನು ನಿಂತಿದ್ದ ಹೊತ್ತನ್ನು ಹಿಂದಕ್ಕೆ ಕೊಡುವ ಉಪಾಯವು ಮಾತ್ರ ತೋರಲಿಲ್ಲ. ಅಂದಿನಿಂದ ನಿವೃತ್ತನಾಗುವವರೆಗೂ, ಸೂತ್ರವನ್ನು ಹೇಳುವ ಮೊದಲು ಹಲಗೆಯ ಮೇಲೊಂದು ಗೆರೆಯನ್ನೆಳೆದು, ಹುಡುಗರಿಂದಲೇ ದೂರವನ್ನು ಅಳೆಯಿಸುತ್ತಿದ್ದೆನು.