ಇಲ್ದಿದ್ ಶಬ್ದ ಮಾತ್ರ ಸೇರ್ಲಿ

ಆಸಾಡಿ ಅಮಾಸಿ ದಿನ ವಿಶ್ವ ಕುಂದಾಪ್ರ ಕನ್ನಡ ದಿನ ಮಾಡ್ತ್ರಲೆ, ಆಗ ಎಲ್ಲರ ಮೊಬೈಲಿನಗೂ ನಮ್ಮ ಬದಿ ಶಬ್ದ ಓಡಾಡತ್ತ್. ಮರುದಿನಕ್ಕೆ ಮರ್ತೂ ಹೋತ್ತ್. ಪಂಜು ಗಂಗೊಳ್ಳಿಯವ್ರ್ ಕುಂದಾಪ್ರ ಕನ್ನಡಕ್ಕೆ ಒಂದು ನಿಘಂಟನ್ನೇ ಮಾಡಿ ಕೊಟ್ಟಿದ್ರ್. ನಮ್ದ್ ಅಷ್ಟ್ ದೊಡ್ಡ ಕೆಲ್ಸ ಅಲ್ಲ. ನಮ್ಮ ಅತ್ತೆಯವ್ರಿಗೆ 80 ದಾಟಿತ್. ತೆಕ್ಕಟ್ಟೆಯ ಈ ಮನಿಯಗೆ ಅವ್ರ್ ಆಡು ಮಾತ್ ಅವ್ರ ಸಂಗ್ತಿಗೇ ಹೋಪುದ್ ಬ್ಯಾಡ ಅಂದೇಳಿ ಒಂದು ಪಟ್ಟಿ ಮಾಡ್ತಾ ಇದ್ದೆ. ಒಂದ್ ಸಾಲಿಗೆ ಒಂದ್ ಶಬ್ದ, ಅಷ್ಟೇ.

ಶಬ್ದ ನಾಲ್ಕ್ ಕಡೆಯಿಂದ ಬತ್ತ್. ಮುಂಬೈಯಿಂದ ತಂಗಿ ಕಳ್ಸತ್ತ್, ಕೋಟೇಶ್ವರದಿಂದ ನಾದಿನಿ ಕಳ್ಸತ್ತ್. 'ಹೆಡ್ಗಿ' ಬರೆಯದೆ ಬಿಟ್ಟವ್ರೇ ಇಲ್ಲ. ಹಾಂಗಂದೇಳಿ ಅದನ್ನ ನಾಲ್ಕ್ ಸಲ ಸೇರ್ಸುಕೆ ಆತ್ತಾ? ಇಪ್ಪುದನ್ನ ಬಿಟ್ಟ್ ಇಲ್ದಿದ್ದನ್ನ ಮಾತ್ರ ಹುಡ್ಕುದ್ ಅಂದ್ರೆ ಅಕ್ಕಿಯಗೆ ಕಲ್ ಹೆಕ್ಕಿದ ಹಾಂಗೆ, ಕಣ್ಣ್ ನೋಯತ್ತ್.

ಬೆಂಗಳೂರಿನಲ್ಲಿಪ್ಪ ಮಗಳ್ ಇದಕ್ಕೆ ಒಂದು ಸಣ್ಣ ಶೆಲ್ ಸ್ಕ್ರಿಪ್ಟ್ ಬರ್ದ್ ಕೊಟ್ಟಿತ್. ಶೆಲ್ ಅಂದ್ರೆ ನಾವ್ ಟೈಪ್ ಮಾಡಿದ ಅಪ್ಪಣೆಯನ್ನು ಕಂಪ್ಯೂಟರಿನಿಂದ ಮಾಡಿಸುವ ಪ್ರೋಗ್ರಾಮ್. ಅಪ್ಪಣೆಗಳನ್ನು ಸಾಲಾಗಿ ಬರೆದಿಟ್ಟ ಫೈಲೇ ಸ್ಕ್ರಿಪ್ಟ್. ಕೆಲ್ಸ ಹೀಂಗೆ: ಹೊಸ ಫೈಲಿನಿಂದ ಒಂದ್ ಸಾಲ್ ತೆಗಿ, 'ಇದ್ ಹಳೆ ಪಟ್ಟಿಯಗೆ ಇತ್ತಾ?' ಕೇಳು, ಇದ್ರೆ ಸುಮ್ನಿರು, ಇಲ್ದಿದ್ರೆ ಕಡೆಗೆ ಸೇರ್ಸು. ಕೇಳುವ ಕೆಲ್ಸ 'ಗ್ರೆಪ್' ಅಂಬ ಅಪ್ಪಣೆಯದ್ದು. ಅಮೆರಿಕದ ಬೆಲ್ ಲ್ಯಾಬ್ಸಿನ ಕೆನ್ ಥಾಂಪ್ಸನ್ ಬರ್ದದ್ದ್, 1973ರಿಂದ ಯೂನಿಕ್ಸಿನಲ್ಲಿ ಇತ್ತ್. ಹೆಚ್ಚೂಕಮ್ಮಿ ನನ್ನದೇ ಪ್ರಾಯ!

ಗ್ರೆಪ್ಪಿಗೆ ಮೂರ್ ಇಂಗ್ಲಿಷ್ ಅಕ್ಷರ ಕೊಡ್ಕ್. ಕ್ಯೂ ಕೊಟ್ರೆ ಸಿಕ್ಕಿದ್ದನ್ನ ಪರದೆ ಮೇಲೆ ತೋರಿಸುದಿಲ್ಲ, ಇತ್ತಾ ಇಲ್ಲವಾ ಅಷ್ಟೇ ಹೇಳತ್ತ್. ಎಫ್ ಕೊಟ್ರೆ ಬರೆದದ್ದನ್ನ ಬರೆದ ಹಾಂಗೇ ಓದತ್ತ್. ಇಲ್ದಿದ್ರೆ ಚುಕ್ಕಿಗೆ, ನಕ್ಷತ್ರಕ್ಕೆಲ್ಲ ಬೇರೆ ಅರ್ಥ ಮಾಡತ್ತ್. ಎಕ್ಸ್ ಅಂದ್ರೆ ಇಡೀ ಸಾಲ್ ಒಂದೇ ಇರ್ಕ್. ಇದ್ ಬಿಟ್ರೆ, ಪಟ್ಟಿಯಗೆ 'ಕರಿಮಣಿ' ಇದ್ರೆ ಸಾಕ್, 'ಕರಿ'ಯೂ ಇತ್ತ್ ಅಂತ ಲೆಕ್ಕ ಹಾಕಿ ಬಿಡತ್ತ್.

ಕಡೆಗೆ ಸೇರ್ಸುಕೆ ಬಾಣದ ಗುರ್ತ್ ಎರಡ್ ಹಾಕ್ಕ್. ಒಂದೇ ಹಾಕಿದ್ರೆ ಹಳೆ ಪಟ್ಟಿ ಪೂರಾ ಅಳಿಸಿ ಹೋತ್ತ್. ಸ್ಕ್ರಿಪ್ಟ್ ಓಡ್ಸುವ ಮುಂಚೆ ಪಟ್ಟಿಯ ಒಂದು ಪ್ರತಿ ತೆಗ್ದಿಡುದ್ ಅದಕ್ಕೇ. ಸರಿಯಾಗಿ ಬರ್ದಿದ್ರೆ ಎಷ್ಟ್ ಸಲ ಓಡಿಸಿದ್ರೂ ಅದೇ ಸಾಲ್ ಎರಡ್ನೇ ಸಲ ಸೇರುದಿಲ್ಲ.

ಆರೆ ಕಾಣಿ, ಅದಕ್ಕೆ ಕನ್ನಡ ಗೊತ್ತಿಲ್ಲ. ಒಬ್ರು 'ಹೋಪುಕೆ' ಬರೆದ್ರೆ ಇನ್ನೊಬ್ರು 'ಹ್ವಾಪುಕೆ' ಬರೀತ್ರ್, ಅದಕ್ಕೆ ಎರಡೂ ಬೇರೆ. ಕಡುಬಿನ 'ಕೊಟ್ಟಿ'ಯನ್ನೇ ತಕಣಿ. ಯುನಿಕೋಡಿನಲ್ಲಿ 'ಕೊ' ಬರೂಕೆ ಎರಡ್ ದಾರಿ ಇತ್ತ್: ಒಂದೇ ಚಿಹ್ನೆ ಹಾಕುದ್, ಇಲ್ದಿದ್ರೆ ಎತ್ವ ಹಾಕಿ ಅದರ ಹಿಂದೆ ಊತ್ವ ಸೇರ್ಸುದ್. ನಮ್ಮ ಕಣ್ಣಿಗೆ ಎರಡೂ ಒಂದೇ, ಗ್ರೆಪ್ಪಿಗೆ ಅಲ್ಲ. ಸಾಲಿನ ಕಡೆಗೆ ಒಂದು ಖಾಲಿ ಜಾಗ ಉಳ್ದ್ರೂ ಅದೇ ಕಥಿ. ಇರ್ಲಿ, ಇದ್ರಿಂದ ನಷ್ಟ ಇಲ್ಲ. ಎರಡೆರಡ್ ಸಲ ಬಂದದ್ದನ್ನ ಕಂಡಾಗ ತೆಗೂಕಾತ್ತ್.

ನಷ್ಟ ಬೇರೆ ಕಡೆ ಇತ್ತ್. ಮನೆ, ಗದ್ದೆ ಅಂಬುದನ್ನ ನಾವ್ ಮನಿ, ಗದ್ದಿ ಅಂತ ಹೇಳುವವ್ರ್. ಹಾಂಗಾಗಿ ಅತ್ತೆಯವ್ರ ಬಾಯಗೆ ಹಾಲ್ ಕರಿ, ಹಪ್ಳ ಕರಿ, ಊಟಕ್ಕೆ ಕರಿ, ಬಣ್ಣ ಕರಿ, ಎಲ್ಲ 'ಕರಿ'ಯೇ. ನಾಲ್ಕ್ ಬೇರೆ ಬೇರೆ ಶಬ್ದ, ಅಕ್ಷರ ಮಾತ್ರ ಒಂದೇ. ಪಟ್ಟಿಯಗೆ ಒಂದು 'ಕರಿ' ಇದ್ರೆ ಉಳ್ದ ಮೂರನ್ನು ಸ್ಕ್ರಿಪ್ಟ್ ಸದ್ದಿಲ್ಲದೆ ಬಿಡತ್ತ್. ಹೆಚ್ಚಾದದ್ದು ಕಣ್ಣಿಗೆ ಕಾಣತ್ತ್, ಬಿಟ್ಟು ಹೋದದ್ದು ಯಾರಿಗೂ ಕಾಣುದಿಲ್ಲ. ಹತ್ತು ವರ್ಷದ ಮೇಲೆ ಕೇಳುವ ಅಂದ್ರೆ ಹೇಳುವವರು ಇರ್ಕಲ್ಲ.

ಅದಕ್ಕೇ ಈಗ ಶಬ್ದದ ಎದುರೇ ಅರ್ಥವನ್ನೂ ಬರೀತೆ: 'ಕರಿ - ಹಾಲ್ ಕರುದ್', 'ಕರಿ - ಬಣ್ಣ'. ಸಾಲ್ ಬೇರೆ ಆಯ್ತ್, ಎರಡೂ ಉಳೀತ್. ಒಂದೇ ಶಬ್ದಕ್ಕೆ ತಂಗಿ ಒಂದು ನಮೂನಿ, ನಾದಿನಿ ಇನ್ನೊಂದು ನಮೂನಿ ಅರ್ಥ ಬರ್ದ್ರೆ ಅದೂ ಉಳೀತ್ತ್. ಅದನ್ನ ಅತ್ತೆಯವ್ರ ಹತ್ರ ಕೂತ್ಕಂಡ್ ಕೇಳಿ ನಾವೇ ಸರಿ ಮಾಡುದ್. ಹುಡ್ಕುವ ಕೆಲ್ಸ ಮೆಷಿನಿಗೆ ಕೊಡ್ಲಕ್ಕ್, ಯಾವ್ದ್ ಒಂದೇ ಯಾವ್ದ್ ಬೇರೆ ಅಂಬುದನ್ನ ಹೇಳುವವ್ರ್ ಮನಿಯವ್ರೇ ಆಯ್ಕ್.

ನಿಮ್ಮನಿ ಹಿರಿಯರ ಶಬ್ದ ಇದ್ರೆ ಕಳ್ಸಿ ಮರಾಯ್ತಿ. ಒಂದ್ ಸಾಲಿಗೆ ಒಂದು, ಅರ್ಥ ಸಮೇತ. ಪಟ್ಟಿಯಗೆ ಇತ್ತೋ ಇಲ್ವೋ ಅಂತ ಯೋಚ್ನೆ ಬ್ಯಾಡ, ಅದನ್ನ ಗ್ರೆಪ್ ಕಾಣತ್ತ್.