ಟೈರಿಗೂ ವಯಸ್ಸಾಗುತ್ತದೆ

ಅಪ್ಪ-ಅಮ್ಮನ ಕಾರು ಹೆಚ್ಚು ಓಡುವುದಿಲ್ಲ, ಟೈರ್ ಇನ್ನೂ ಹೊಸದರಂತಿದೆ ಅಂತ ಸುಮ್ಮನಿರಬೇಡಿ. ನಿಂತಲ್ಲೇ ಬಿಸಿಲು ತಿಂದು ರಬ್ಬರ್ ಗಡುಸಾಗುತ್ತದೆ, ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಮಳೆಯಲ್ಲಿ ಬ್ರೇಕ್ ಒತ್ತಿದಾಗ ಅಂಥ ಟೈರ್ ರಸ್ತೆ ಹಿಡಿಯುವುದಿಲ್ಲ.

ಟೈರಿನ ಪಕ್ಕದಲ್ಲಿ ಡಿಓಟಿ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. (ಹೊರಗೆ ಕಾಣದಿದ್ದರೆ ಒಳಬದಿಯಲ್ಲಿರುತ್ತದೆ.) ಹೊಸದು ಕೊಳ್ಳುವಾಗಲೂ ಮೊದಲು ಇದನ್ನೇ ನೋಡಿ. ಐದು ವರ್ಷ ದಾಟಿದರೆ ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಿ. ಹತ್ತಾದರೆ ಯೋಚನೆಯೇ ಬೇಡ, ಬದಲಿಸಿ.

ಸವೆತ ತಿಳಿಯಲು ಗೀರುಗಳ ಒಳಗೆ 1.6 ಮಿಲಿಮೀಟರ್ ಎತ್ತರದ ಸಣ್ಣ ಉಬ್ಬು ಇರುತ್ತದೆ. ಟೈರ್ ಅದರ ಮಟ್ಟಕ್ಕೆ ಬಂದರೆ ಮುಗಿಯಿತು. ಡಿಕ್ಕಿಯಲ್ಲಿರುವ ಸ್ಟೆಪ್ನಿಯನ್ನೂ ದಯವಿಟ್ಟು ಹೊರಗೆ ತೆಗೆದು ನೋಡಿ.