ಸಿದ್ದಿಗಳ ಬಿಡುಗಡೆಯ ದಿನ ಯಾವುದು?

ಫೆಬ್ರವರಿ 9, ಜೀತ ಪದ್ಧತಿ ನಿರ್ಮೂಲನಾ ದಿನ. 1976ರ ಕಾಯ್ದೆಯ ನೆನಪಿಗೆ ಕಚೇರಿಗಳಲ್ಲಿ ಪ್ರತಿಜ್ಞೆ, ಭಾಷಣ, ಚಹಾ. ಇರಲಿ. ಆದರೆ ನಮ್ಮ ಕಲಘಟಗಿ ಕಾಡಂಚಿನ ಸಿದ್ದಿಗಳ ಬಿಡುಗಡೆಯನ್ನು ಯಾವತ್ತು ನೆನೆಯೋಣ? ಅವರ ಹಿರಿಯರಲ್ಲಿ ಬಹಳ ಮಂದಿ ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಹಿಡಿದು ತಂದವರು. ಪೋರ್ಚುಗಲ್ 1869ರಲ್ಲಿ ಗುಲಾಮಗಿರಿ ರದ್ದು ಮಾಡಿತು. ಮಾಡಿಯೂ, ಬಿಡುಗಡೆಯಾದವರು ಇನ್ನೂ ಕೆಲವು ವರ್ಷ ಹಳೆಯ ಧಣಿಗೇ ದುಡಿಯಬೇಕೆಂದಿತು. ಎಂಥಾ ಉದಾರತೆ! ಕಾಯ್ದೆಯ ದಾರಿ ನೋಡದೆ ತಪ್ಪಿಸಿಕೊಂಡು ಘಟ್ಟ ಹತ್ತಿದವರೇ ಜಾಣರು. ಇಂದು ಉತ್ಸವಗಳಿಗೆ ಅವರ ದಮಾಮಿ ಕುಣಿತ ಬೇಕು, ಚಪ್ಪಾಳೆಗೆ ಬರವಿಲ್ಲ. ಪರಿಶಿಷ್ಟ ಪಂಗಡದ ಮಾನ್ಯತೆ ಮಾತ್ರ ಉತ್ತರ ಕನ್ನಡದವರಿಗೆ 2003ರಲ್ಲಿ, ಧಾರವಾಡ, ಬೆಳಗಾವಿಯವರಿಗೆ 2020ರಲ್ಲಿ. ಅದೇ ಕಾಡು, ಅದೇ ಬಳಗ. ಜಿಲ್ಲೆಯ ಗಡಿಯೊಂದಕ್ಕೆ 17 ವರ್ಷ ಕಾದರು.